ಷರಾ ಕಾಲಂ ಎಲ್ಲಿದೆ?

ಹಲಸೂರಿನ ಒಂದು ಮನೆ, ಭಾನುವಾರದ ಮಧ್ಯಾಹ್ನ. ದೊಡ್ಡಪ್ಪ ಕಂದಾಯ ಇಲಾಖೆಗೆ ಗ್ರಾಮ ಲೆಕ್ಕಿಗರಾಗಿ ಸೇರಿ, ಕಂದಾಯ ನಿರೀಕ್ಷಕರಾಗಿ ನಿವೃತ್ತರಾದವರು. ‘ಭೂಮಿ’ ಯೋಜನೆಯಲ್ಲಿ ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಸೇರಿದ ಕಾಲವನ್ನು ಒಳಗಿದ್ದು ಕಂಡವರು. ತಮ್ಮನ ಮಗಳು ಬಿ.ಕಾಂ. ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ವಾರಾಂತ್ಯದಲ್ಲಿ ಮೆಟ್ರೋ ಹತ್ತಿ ಒಂದೇ ನಿಲ್ದಾಣದಾಚೆಯ ಇಂದಿರಾನಗರಕ್ಕೆ ಹೋಗಿ ಎಸ್‌ಕ್ಯೂಎಲ್ ಕಲಿಯುತ್ತಾಳೆ. ಈ ವಾರದ ಪಾಠ ಇನ್ಸರ್ಟ್, ಅಂದರೆ ಟೇಬಲ್ಲಿಗೆ ಮಾಹಿತಿ ಸೇರಿಸುವುದು. ಅಭ್ಯಾಸಕ್ಕೆಂದು ಕೊಟ್ಟ ನೌಕರರ ಪಟ್ಟಿಯನ್ನು ಪಕ್ಕಕ್ಕಿಟ್ಟು, ದೊಡ್ಡಪ್ಪನ ಪೆಟ್ಟಿಗೆಯಲ್ಲಿದ್ದ ಹಳೆಯ ಪಹಣಿ ನಕಲುಗಳನ್ನು ಅವಳು ಎತ್ತಿಕೊಂಡಿದ್ದಳು. ಇಬ್ಬರಿಗೂ ದಾಖಲೆ ಎಂದರೆ ಜೀವ. ಆದರೆ ದಾಖಲೆ ಹೇಗಿರಬೇಕು ಎನ್ನುವಲ್ಲಿ ಒಮ್ಮತವಿಲ್ಲ.

ಮಗಳು: ದೊಡ್ಡಪ್ಪ, ಇದರಲ್ಲಿ ವಿಸ್ತೀರ್ಣ 1.30 ಅಂತಿದೆ, ಕೆಳಗಿನ ಹಿಸ್ಸಾದ್ದು 1.20. ಎರಡನ್ನೂ ಟೇಬಲ್ಲಿಗೆ ಹಾಕಿ ಕೂಡಿಸಿದೆ. 2.50 ಬಂತು.

ದೊಡ್ಡಪ್ಪ: ಮುಕ್ಕಾಲು ಎಕರೆ ಹೋಯ್ತಲ್ಲಮ್ಮ!

ಮಗಳು: ಎಲ್ಲಿ ಹೋಯ್ತು? ಲೆಕ್ಕ ಸರಿಯಾಗೇ ಇದೆ.

ದೊಡ್ಡಪ್ಪ: ಆ ಚುಕ್ಕೆ ದಶಮಾಂಶದ್ದಲ್ಲ ಕಣಮ್ಮ. ಒಂದು ಎಕರೆ ಮೂವತ್ತು ಗುಂಟೆ ಅಂತ ಅದರ ಅರ್ಥ. ನಲವತ್ತು ಗುಂಟೆಗೆ ಒಂದು ಎಕರೆ. ಈಗ ಕೂಡಿಸು. ಮೂರು ಎಕರೆ ಹತ್ತು ಗುಂಟೆ ಬರಬೇಕು. ನಿನ್ನ ಕಂಪ್ಯೂಟರ್ ಎರಡೂವರೆ ಎಕರೆ ಅಂತಿದೆ. ಮೂವತ್ತು ಗುಂಟೆ ಮಾಯ. ಗುಂಟೆಗೆ 1,089 ಚದರಡಿ, ಮೂವತ್ತಕ್ಕೆ 32,670. ಕೆ.ಆರ್. ಪುರದ ಕಡೆ ಜನ ಮಾತಾಡೋ 30-40 ಸೈಟಿನ ಲೆಕ್ಕದಲ್ಲಿ, ರಸ್ತೆಗೆ ಬಿಡದೆ ಎಣಿಸಿದರೆ, 27 ಸೈಟು.

ಮಗಳು: ಅಷ್ಟು ನೆಲ ಹೋದರೂ ಒಂದು ಎರರ್ ಕೂಡ ಬರಲಿಲ್ಲ! ನಾನು ಹೇಳೋದು ಇದನ್ನೇ. ಟೇಬಲ್ ಕಟ್ಟುವಾಗಲೇ ಬಿಗಿಯಾಗಿ ಕಟ್ಟಬೇಕು. ಎಕರೆಗೆ ಒಂದು ಕಾಲಂ, ಗುಂಟೆಗೆ ಇನ್ನೊಂದು. ಎರಡರಲ್ಲೂ ಪೂರ್ಣ ಸಂಖ್ಯೆ ಮಾತ್ರ. ಗುಂಟೆ ನಲವತ್ತಕ್ಕಿಂತ ಕಡಿಮೆ ಇರಲೇಬೇಕು ಅಂತ ಒಂದು ಚೆಕ್ ಹಾಕಿದರೆ ಮುಗೀತು.

ದೊಡ್ಡಪ್ಪ: ಆಣೆ ಮರೆತೆ. ಗುಂಟೆಗೆ ಹದಿನಾರು ಆಣೆ.

ಮಗಳು: ಹಾಗಾದರೆ ಎಲ್ಲವನ್ನೂ ಆಣೆಯಲ್ಲೇ ಇಡ್ತೀನಿ. ಎಕರೆಗೆ 640 ಆಣೆ. 1 ಎಕರೆ 30 ಗುಂಟೆ ಅಂದರೆ 1,120. ಕೂಡೋದು ಕಳೆಯೋದು ಎಂದೂ ತಪ್ಪಲ್ಲ.

ದೊಡ್ಡಪ್ಪ: 1,120 ಆಣೆ ಜಮೀನು ಅಂತ ಬರೆದುಕೊಟ್ಟರೆ ಯಾವ ರೈತ ಓದ್ತಾನೆ?

ಮಗಳು: ಒಳಗೆ ಆಣೆಯಲ್ಲಿರುತ್ತೆ, ಹೊರಗೆ ತೋರಿಸುವಾಗ ಎಕರೆ, ಗುಂಟೆ, ಆಣೆ ಅಂತ ಬಿಡಿಸಿ ತೋರಿಸುತ್ತೆ.

ದೊಡ್ಡಪ್ಪ: ಇದು ಒಪ್ಪುವ ಮಾತು. ಈಗ ನನ್ನ ಪ್ರಶ್ನೆ ಕೇಳು. ಹಳೇ ಕಾಗದದಲ್ಲಿ ಒಬ್ಬ 1.45 ಅಂತ ಬರೆದಿಟ್ಟಿದ್ದಾನೆ. ನಲವತ್ತೈದು ಗುಂಟೆ. ಬರೆದವನು ಈಗಿಲ್ಲ. ಅಳತೆ ಪುಸ್ತಕ ಸಿಗ್ತಿಲ್ಲ. ಏನು ಮಾಡ್ತೀಯ?

ಮಗಳು: ಆಣೆಗೆ ಬದಲಿಸುವ ಮೊದಲೇ ಗುಂಟೆಯ ಚೆಕ್ ಹಿಡಿಯುತ್ತೆ, ಟೇಬಲ್ ತಗೊಳ್ಳೋದಿಲ್ಲ. ತಪ್ಪು ಅಂತ ಹೇಳಿ ವಾಪಸ್ ಕಳಿಸುತ್ತೆ.

ದೊಡ್ಡಪ್ಪ: ಅಂದರೆ ಆ ಮನುಷ್ಯನ ಜಮೀನು ದಾಖಲೆಯಲ್ಲೇ ಇಲ್ಲ. ಕಾಗದದಲ್ಲಿ ತಪ್ಪಾಗಿಯಾದರೂ ಇತ್ತು, ನಿನ್ನ ಟೇಬಲ್ಲಲ್ಲಿ ಸರಿಯಾಗಿ ಇಲ್ಲವಾಯ್ತು. ಬ್ಯಾಂಕಿನವರು ಬೆಳೆಸಾಲಕ್ಕೆ ಪಹಣಿ ಕೇಳ್ತಾರೆ. ಅವನೇನು ತೋರಿಸಬೇಕು?

ಇಲ್ಲಿಗೆ ಅವಳ ಕೈ ಕೀಲಿಮಣೆಯ ಮೇಲಿಂದ ಇಳಿಯಿತು. ಟೇಬಲ್ಲಿಗೆ ಮಾಹಿತಿ ಸೇರಿಸುವ ಪ್ರತಿಯೊಬ್ಬರೂ ಎದುರಿಸಬೇಕಾದ ಪ್ರಶ್ನೆ ಇದು. ಸರಿಯಿಲ್ಲದ್ದನ್ನು ಬಾಗಿಲಲ್ಲೇ ತಡೆಯುವುದೋ, ಒಳಗೆ ಬಿಟ್ಟುಕೊಂಡು ಆಮೇಲೆ ತಿದ್ದುವುದೋ? ಪಾಠದ ಪುಸ್ತಕಗಳು ಇನ್ಸರ್ಟ್ ವಾಕ್ಯ ಬರೆಯುವ ಕ್ರಮವನ್ನು ಎರಡು ಪುಟದಲ್ಲಿ ಹೇಳಿ ಮುಗಿಸುತ್ತವೆ. ಈ ಪ್ರಶ್ನೆಯ ಬಳಿಗೆ ಬರುವುದೇ ಇಲ್ಲ.

ಮಗಳು: ‘ಭೂಮಿ’ಯಲ್ಲಿ ನೀವು ಏನು ಮಾಡಿದ್ರಿ?

ದೊಡ್ಡಪ್ಪ: ಇದ್ದದ್ದನ್ನು ಇದ್ದಹಾಗೇ ತುಂಬಿಸಿದ್ವಿ. ಸುಮಾರು ಎರಡು ಕೋಟಿ ಪಹಣಿ, 67 ಲಕ್ಷ ಭೂಮಾಲೀಕರು. ಖಾಸಗಿ ಏಜೆನ್ಸಿಯ ಹುಡುಗರು ಟೈಪ್ ಮಾಡೋರು. ಅದರ ಪ್ರಿಂಟ್ ತೆಗೆದು ಗ್ರಾಮ ಲೆಕ್ಕಿಗರ ಕೈಗೆ ಕೊಡೋರು. ನಾವು ಮೂಲ ಪಹಣಿ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲು ತಾಳೆ ನೋಡಿ ಕೆಂಪು ಇಂಕಿನಲ್ಲಿ ಗುರುತು ಹಾಕಿ ಕೊಡಬೇಕು. ಅವರು ತಿದ್ದಿ ಮತ್ತೆ ಪ್ರಿಂಟ್ ಕೊಡೋರು. ಒಂದೊಂದೇ ತಾಲೂಕು ಮುಗಿದ ಹಾಗೆ ಅಲ್ಲಿ ಕೈಬರಹದ ಪಹಣಿ ಕೊಡೋದನ್ನ ನಿಲ್ಲಿಸಿದರು. 2002ರ ಹೊತ್ತಿಗೆ ರಾಜ್ಯದ ತಾಲೂಕುಗಳಲ್ಲೆಲ್ಲ ಕಂಪ್ಯೂಟರ್ ಪಹಣಿಯೇ ಆಯ್ತು. ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಕೈಗೆ ಬರೋದು.

ಮಗಳು: ಕಾಗದದಲ್ಲೇ ತಪ್ಪಿದ್ದರೆ?

ದೊಡ್ಡಪ್ಪ: ತಪ್ಪೂ ಒಳಗೆ ಹೋಯ್ತು.

ಮಗಳು: ನೋಡಿದ್ರಾ! ಅದೇ ತಪ್ಪು ಈಗ ಅಚ್ಚಾಗಿ ಬಂತು. ಕೈಬರಹದ್ದಾದರೆ ಜನ ಒಂದು ಅನುಮಾನವನ್ನಾದರೂ ಇಟ್ಟುಕೊಳ್ತಿದ್ರು. ಕಂಪ್ಯೂಟರ್ ಪಹಣಿಯನ್ನು ಯಾರು ಅನುಮಾನಿಸ್ತಾರೆ?

ದೊಡ್ಡಪ್ಪ: ಅದು ನಿಜ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 133ನೇ ಕಲಂ ಹೇಳುತ್ತೆ, ಹಕ್ಕು ದಾಖಲೆಯಲ್ಲಿ ನಮೂದಾದದ್ದನ್ನು, ಅದು ಸುಳ್ಳು ಅಂತ ಸಾಬೀತಾಗುವವರೆಗೂ ನಿಜ ಅಂತಲೇ ಭಾವಿಸಬೇಕು. ಹಾಗಾಗಿ ಒಂದು ಸಾಲು ಸೇರಿಸೋದು ಅಂದರೆ ಬರೀ ಟೈಪ್ ಮಾಡೋದಲ್ಲ. ತಪ್ಪು ಅಂತ ಹೇಳುವವನೇ ಕೋರ್ಟಿಗೆ ಅಲೆದು ಸಾಬೀತು ಮಾಡಬೇಕಾಗುತ್ತೆ.

ಮಗಳು: ಅಷ್ಟು ಭಾರ ಇರೋ ಸಾಲನ್ನು ಪರೀಕ್ಷೆ ಮಾಡದೆ ಒಳಗೆ ಬಿಡೋದು ಹೇಗೆ ದೊಡ್ಡಪ್ಪ?

ದೊಡ್ಡಪ್ಪ: ಅಷ್ಟು ಭಾರ ಇರೋ ಸಾಲನ್ನು, ಜಮೀನನ್ನೇ ನೋಡದ ಒಂದು ಚೆಕ್ ತಿರಸ್ಕರಿಸೋದು ಹೇಗಮ್ಮ?

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದರು. ಅವಳು ಪರದೆಯನ್ನು ಅವರ ಕಡೆ ತಿರುಗಿಸಿದಳು.

ಮಗಳು: ಎಲ್ಲ ಕಟ್ಟುಪಾಡೂ ಹಾಗಲ್ಲ. ಇದನ್ನ ನೋಡಿ. ಹೋಬಳಿಗೆ ಒಂದು ಟೇಬಲ್, ಗ್ರಾಮಕ್ಕೆ ಒಂದು, ಸರ್ವೆ ನಂಬರಿಗೆ ಒಂದು, ಹಕ್ಕುದಾರರಿಗೆ ಒಂದು. ಬೆಂಗಳೂರು ಪೂರ್ವ ತಾಲೂಕನ್ನೇ ತಗೊಂಡೆ. ಗುಂಜೂರು ಸೇರಿಸೋಕೆ ಹೋದರೆ ಬೇಡ ಅಂತು. ಯಾಕೆ ಅಂದರೆ ವರ್ತೂರು ಹೋಬಳಿಯನ್ನು ಇನ್ನೂ ಸೇರಿಸಿರಲಿಲ್ಲ. ಮೊದಲು ವರ್ತೂರು, ಆಮೇಲೆ ಗುಂಜೂರು. ಬಿದರಹಳ್ಳಿ ಹೋಬಳಿ ಬಂದ ಮೇಲೇ ಕಿತ್ತಗನೂರು. ಇದಕ್ಕೆ ಫಾರಿನ್ ಕೀ ಅಂತಾರೆ. ಇಲ್ಲದ ಊರಿನಲ್ಲಿ ಜಮೀನು ಹುಟ್ಟೋಕೆ ಇದು ಬಿಡಲ್ಲ.

ದೊಡ್ಡಪ್ಪ: ಇದು ಬಹಳ ಒಳ್ಳೇದು. ಇದು ಮೊದಲೇ ಇದ್ದಿದ್ದರೆ ನಮ್ಮ ಅರ್ಧ ತಲೆನೋವು ತಪ್ತಿತ್ತು. ಸರ್ವೆ ನಂಬರನ್ನ ಹೇಗೆ ಇಟ್ಟಿದ್ದೀಯ?

ಮಗಳು: ಸಂಖ್ಯೆಯಾಗಿ ಇಟ್ಟಿದ್ದೆ. 45/2 ಅಂತ ಉದ್ಧರಣ ಚಿಹ್ನೆ ಇಲ್ಲದೆ ಹಾಕಿದೆ, ಭಾಗಾಕಾರ ಮಾಡಿ 22 ಅಂತ ಸೇರಿಸಿಕೊಂಡಿತು. ಈಗ ಮೂಲ ನಂಬರ್ ಬೇರೆ, ಹಿಸ್ಸಾ ಬೇರೆ ಕಾಲಂ. ಹಿಸ್ಸಾ ಅಕ್ಷರವಾಗಿರುತ್ತೆ, 2ಅ, 2ಬ ಬಂದರೂ ಹಿಡಿಸುತ್ತೆ.

ದೊಡ್ಡಪ್ಪ: ಸರಿ. ಈಗ ಕಾಲಂ 9ಕ್ಕೆ ಬಾ. ಹಕ್ಕುದಾರರು. ಈ ಪಹಣಿಯಲ್ಲಿ ನಾಲ್ಕು ಜನ ಅಣ್ಣತಮ್ಮಂದಿರು, ಜಂಟಿ. ಯಾರಿಗೆಷ್ಟು ಅಂತ ಬರೆದಿಲ್ಲ.

ಮಗಳು: ನಾಲ್ಕು ಸಾಲು ಮಾಡ್ತೀನಿ. ಟೇಬಲ್ಲಿನ ಒಂದು ಮನೆಯಲ್ಲಿ ಒಂದೇ ಹೆಸರು ಇರಬೇಕು, ಅಲ್ಪವಿರಾಮ ಹಾಕಿ ನಾಲ್ಕು ಹೆಸರು ತುರುಕಬಾರದು ಅಂತ ಮೊದಲ ಪಾಠದಲ್ಲೇ ಹೇಳಿಕೊಟ್ಟಿದ್ದಾರೆ. ಪಾಲಿನ ಕಾಲಂಗೆ ತಲಾ ಕಾಲು ಭಾಗ ಹಾಕಿದರಾಯ್ತು.

ದೊಡ್ಡಪ್ಪ: ತಲಾ ಕಾಲು ಅಂತ ನಿನಗೆ ಯಾರು ಹೇಳಿದ್ರು?

ಮಗಳು: ನಾಲ್ಕು ಜನ ಅಲ್ವಾ?

ದೊಡ್ಡಪ್ಪ: ಅವರಲ್ಲಿ ವಿಭಾಗವೇ ಆಗಿಲ್ಲ. ಅಕ್ಕತಂಗಿಯರಿದ್ದರೆ ಅವರ ಹಕ್ಕೂ ಇದೆ. ನಾಳೆ ಒಬ್ಬ ಆ ಸಾಲಿನ ಪ್ರತಿ ತೆಗೆಸಿ, ನನ್ನ ಪಾಲು ಕಾಲು ಅಂತ ಸರ್ಕಾರವೇ ಬರೆದಿದೆ ಅಂತ ಮಾರಿದರೆ? ಕಾಗದ ಸುಮ್ಮನಿದ್ದ ಕಡೆ ನೀನು ತೀರ್ಪು ಕೊಟ್ಟುಬಿಟ್ಟೆ.

ಮಗಳು: ಹಾಗಾದರೆ ಪಾಲಿನ ಮನೆ ನಲ್ ಆಗಿರಲಿ. ನಲ್ ಅಂದರೆ ಸೊನ್ನೆ ಅಲ್ಲ, ಖಾಲಿ ಅಕ್ಷರವೂ ಅಲ್ಲ, ಗೊತ್ತಿಲ್ಲ ಅಂತ.

ದೊಡ್ಡಪ್ಪ: ಗೊತ್ತಿಲ್ಲ ಅನ್ನೋದು ಒಂದು, ಇನ್ನೂ ಆಗಿಲ್ಲ ಅನ್ನೋದು ಇನ್ನೊಂದು, ಅನ್ವಯಿಸೋದಿಲ್ಲ ಅನ್ನೋದು ಮತ್ತೊಂದು. ನಿನ್ನ ನಲ್ ಮೂರನ್ನೂ ಒಂದೇ ಮಾಡುತ್ತೆ. ಆದರೂ ಸುಳ್ಳು ಕಾಲು ಭಾಗಕ್ಕಿಂತ ಅದೇ ವಾಸಿ.

ಮಗಳು: ಆದರೆ ನಮ್ಮ ಮೇಷ್ಟ್ರು ನಲ್ ಬಿಡಬೇಡಿ ಅಂತಾರೆ. ಮುಖ್ಯ ಕಾಲಂಗಳಿಗೆಲ್ಲ ಕಡ್ಡಾಯ ಅಂತ ಹಾಕಿ, ಇಲ್ಲದಿದ್ದರೆ ತುಂಬುವವರು ಸೋಮಾರಿಗಳಾಗ್ತಾರೆ ಅಂತ. ಅದೂ ನಿಜ ದೊಡ್ಡಪ್ಪ. ಬಿಡೋಕೆ ಅವಕಾಶ ಇದ್ದರೆ ಜನ ಬಿಟ್ಟೇ ಬಿಡ್ತಾರೆ.

ದೊಡ್ಡಪ್ಪ: ಕಡ್ಡಾಯ ಮಾಡಿದರೆ ಸುಳ್ಳು ತುಂಬ್ತಾರೆ. ನನ್ನ ವಯಸ್ಸಿನವರನ್ನ ಕೇಳಿ ನೋಡು, ಎಷ್ಟು ಜನರ ಹುಟ್ಟಿದ ದಿನ ಜೂನ್ 1 ಅಂತ. ಶಾಲೆಗೆ ಸೇರಿಸುವಾಗ ತಾರೀಖು ಬೇಕೇ ಬೇಕು ಅಂದ್ರು, ಮೇಷ್ಟ್ರು ಒಂದು ಬರೆದ್ರು. ತಾರೀಖು ಇದೆ, ಹುಟ್ಟಿದ ದಿನ ಇಲ್ಲ. ಈ ಕಡೆ ಬಾ, ಹಲಸೂರು, ಶಿವಾಜಿನಗರ. ನಮ್ಮ ಬೀದಿಯಲ್ಲೇ ಎಷ್ಟು ಬಗೆಯ ಹೆಸರಿವೆ! ಒಬ್ಬರಿಗೆ ಅಪ್ಪನ ಹೆಸರಿನ ಒಂದೇ ಅಕ್ಷರ ಇನಿಷಿಯಲ್. ಒಬ್ಬರಿಗೆ ಊರಿನ ಹೆಸರು ಮುಂದೆ. ಒಬ್ಬರಿಗೆ ಬರೀ ಒಂದು ಹೆಸರು. ಸರ್‌ನೇಮ್ ಕಡ್ಡಾಯ ಅಂದರೆ ಇವರೆಲ್ಲ ಏನು ಬರೀಬೇಕು?

ಮಗಳು: ಚುಕ್ಕೆ ಇಡ್ತಾರೆ. ಇಲ್ಲಾ ಹೆಸರನ್ನೇ ಎರಡು ಸಲ ಬರೀತಾರೆ. ನನ್ನ ಫಾರಂನಲ್ಲೂ ಹಾಗೇ ಆಗಿದೆ.

ದೊಡ್ಡಪ್ಪ: ಹಾಗಾದರೆ ನಿನ್ನ ಕಡ್ಡಾಯದಿಂದ ನಿಜ ಬಂತಾ?

ಮಗಳು: ಅದು ಬಿಗಿಯ ತಪ್ಪಲ್ಲ, ಬಿಗಿ ಮಾಡಿದವರು ನಮ್ಮೂರಿನ ಹೆಸರುಗಳನ್ನು ನೋಡದೇ ಇದ್ದದ್ದರ ತಪ್ಪು. ಕ್ಯಾಂಟೋನ್‌ಮೆಂಟಿನಲ್ಲಿ ಡಿ’ಸೋಜಾ, ಡಿ’ಕ್ರೂಜ್ ಅನ್ನೋ ಹೆಸರಿವೆ. ಇನ್ಸರ್ಟ್ ವಾಕ್ಯದಲ್ಲಿ ಅಕ್ಷರಗಳನ್ನು ಒಂಟಿ ಉದ್ಧರಣ ಚಿಹ್ನೆಯ ನಡುವೆ ಇಡಬೇಕು. ಡಿ ಆದ ಮೇಲೆ ಬರೋ ಆ ಚಿಹ್ನೆಯನ್ನೇ ಹೆಸರಿನ ಕೊನೆ ಅಂದುಕೊಂಡು, ಸೋಜಾ ಅಂದರೇನು ಅಂತ ಅದು ಎರರ್ ಕೊಡುತ್ತೆ. ಅದೇ ಬಿರುಕಿನಲ್ಲಿ ಬೇಕಂತಲೇ ಆದೇಶ ತೂರಿಸಿ ಇಡೀ ಟೇಬಲ್ ಅಳಿಸಿಹಾಕೋರೂ ಇದ್ದಾರೆ. ಪರಿಹಾರ ಸುಲಭ. ವಾಕ್ಯವನ್ನೂ ಹೆಸರನ್ನೂ ಅಂಟಿಸಬಾರದು, ಹೆಸರನ್ನು ಪ್ಯಾರಾಮೀಟರ್ ಆಗಿ ಬೇರೆಯೇ ಕಳಿಸಬೇಕು. ಆಗ ಎಂಥ ಹೆಸರು ಬಂದರೂ ಅದು ಹೆಸರಾಗಿಯೇ ಉಳಿಯುತ್ತೆ. ಇದರಲ್ಲಿ ನಾನು ಒಂದಿಷ್ಟೂ ಸಡಿಲ ಬಿಡೋದಿಲ್ಲ.

ದೊಡ್ಡಪ್ಪ: ಬಿಡಬೇಡ. ಕನ್ನಡ ಹೆಸರು ಸರಿಯಾಗಿ ಕೂರುತ್ತಾ?

ಮಗಳು: ಮೊದಲ ಸಲ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬಂದವು. ನಮ್ಮ ತರಗತಿಯಲ್ಲಿರೋದು ಎಸ್‌ಕ್ಯೂಎಲ್ ಸರ್ವರ್. ಅದರಲ್ಲಿ ಕಾಲಂ ಯೂನಿಕೋಡ್ ಬಗೆಯದ್ದಾಗಿರಬೇಕು, ಉದ್ಧರಣ ಚಿಹ್ನೆಗೆ ಮುಂಚೆ ಎನ್ ಅಕ್ಷರವೂ ಇರಬೇಕು. ಎನ್ ಬಿಟ್ಟರೆ ಮುನಿಯಪ್ಪ ಹೋಗಿ ಪ್ರಶ್ನಾರ್ಥಕ ಚಿಹ್ನೆ ಉಳಿಯುತ್ತೆ. ಎರರ್ ಬರಲ್ಲ, ಸಾಲು ಸೇರಿತು ಅಂತಲೇ ಹೇಳುತ್ತೆ. ಮೂಲ ಹೆಸರು ಮತ್ತೆ ಸಿಗಲ್ಲ.

ದೊಡ್ಡಪ್ಪ: ಇದನ್ನು ಕೇಳಿದರೆ ಹೊಟ್ಟೆ ಉರಿಯುತ್ತೆ. ಸೇರಿತು ಅಂತ ಹೇಳಿ ಹೆಸರು ನುಂಗೋದು. ಈ ಮುನಿಯಪ್ಪನ ವಿಷಯವನ್ನೇ ತಗೋ. ‘ಮುನಿಯಪ್ಪ ಬಿನ್ ವೆಂಕಟಪ್ಪ’ ಅಂತ ಬರೀಬೇಕಾದ ಕಡೆ ‘ವೆಂಕಟಪ್ಪ ಬಿನ್ ಮುನಿಯಪ್ಪ’ ಅಂತ ಹಾಕಿದರೆ ನಿನ್ನ ಬಿಗಿ ಟೇಬಲ್ ಹಿಡಿಯುತ್ತಾ?

ಮಗಳು: ಇಲ್ಲ. ಎರಡೂ ಅಕ್ಷರವೇ. ಕಾಲಂ ಹೆಸರು ಬರೆಯದೆ ಬರೀ ಮೌಲ್ಯಗಳನ್ನು ಸಾಲಾಗಿ ಕೊಟ್ಟರೆ ಈ ಅದಲುಬದಲು ಬಹಳ ಬೇಗ ಆಗುತ್ತೆ. ಅದಕ್ಕೇ ಪ್ರತಿ ಇನ್ಸರ್ಟಿನಲ್ಲೂ ಕಾಲಂ ಹೆಸರುಗಳನ್ನು ಬರೆಯಲೇಬೇಕು ಅಂತ ನಿಯಮ ಮಾಡಿಕೊಂಡಿದ್ದೀನಿ.

ದೊಡ್ಡಪ್ಪ: ಆದರೂ ಟೈಪ್ ಮಾಡುವವನು ತಪ್ಪಿದರೆ ತಪ್ಪಿತು. ಅಪ್ಪ ಮಗನಾದ, ಮಗ ಅಪ್ಪನಾದ. ಅದನ್ನು ಹಿಡಿಯೋನು ಊರು ಗೊತ್ತಿರೋ ಗ್ರಾಮ ಲೆಕ್ಕಿಗ ಮಾತ್ರ. ಓದಿದ ತಕ್ಷಣ, ವೆಂಕಟಪ್ಪ ತೀರಿಕೊಂಡು ವರ್ಷಗಳಾಯ್ತಲ್ಲ ಅಂತಾನೆ.

ಮಗಳು: ಊರು ಗೊತ್ತಿರೋನು ವರ್ಗವಾಗಿ ಹೋದರೆ? ಅವನೇ ಲಂಚ ತಗೊಂಡು ಅದಲುಬದಲು ಮಾಡಿದರೆ? ನೀವೇ ಹೇಳಿದ್ದೀರಿ, ಪಹಣಿ ಪುಸ್ತಕ ಒಬ್ಬರ ಮನೆಯ ಕಪಾಟಿನಲ್ಲಿ ಇರ್ತಿತ್ತು, ಅವರು ಬಂದಾಗಲೇ ನಕಲು ಸಿಗೋದು ಅಂತ. ‘ಭೂಮಿ’ ಬಂದ ಮೇಲೆ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು, ಯಾರು ತಿದ್ದಿದ್ರು ಅಂತ ಗೊತ್ತಾಗುತ್ತೆ. ಅದು ಬಿಗಿಯಿಂದಲೇ ಬಂದ ನ್ಯಾಯ ಅಲ್ವಾ?

ದೊಡ್ಡಪ್ಪನವರು ಉತ್ತರಿಸಲು ಹೊತ್ತು ತೆಗೆದುಕೊಂಡರು. ತಾವು ದುಡಿದ ವ್ಯವಸ್ಥೆಯ ಬಗ್ಗೆ ಅವರಿಗೆ ಅಭಿಮಾನವಿದೆ. ಆದರೆ ಅವಳ ಮಾತನ್ನು ತಳ್ಳಿಹಾಕುವಷ್ಟು ಕುರುಡು ಅಭಿಮಾನವಲ್ಲ.

ದೊಡ್ಡಪ್ಪ: ಅಲ್ಲಿ ನೀನು ಹೇಳೋದು ಸರಿ. ಒಬ್ಬನ ನೆನಪಿನ ಮೇಲೆ ನಿಂತ ದಾಖಲೆ ಆ ಒಬ್ಬನ ಗುಲಾಮ ಆಗುತ್ತೆ. ಆದರೆ ನನಗೊಂದು ತೋರಿಸು. ಷರಾ ಕಾಲಂ ಎಲ್ಲಿದೆ?

ಮಗಳು: ಹಾಕಿಲ್ಲ.

ದೊಡ್ಡಪ್ಪ: ಯಾಕೆ?

ಮಗಳು: ಷರಾ ಅಂತ ಟಿಪ್ಪಣಿಗೆ ಒಂದು ಕಾಲಂ ಬಿಟ್ಟರೆ ಎಲ್ಲವೂ ಅದಕ್ಕೇ ಬಂದು ಬೀಳುತ್ತೆ. ಒಬ್ಬ ‘ತಡೆಯಾಜ್ಞೆ ಇದೆ’ ಅಂತಾನೆ, ಇನ್ನೊಬ್ಬ ‘ಸ್ಟೇ’ ಅಂತಾನೆ, ಮತ್ತೊಬ್ಬ ‘ಕೋರ್ಟ್ ಆದೇಶದಂತೆ’ ಅಂತಾನೆ. ತಡೆಯಾಜ್ಞೆ ಇರೋ ಜಮೀನು ಯಾವುವು ಅಂತ ನಾಳೆ ಕೇಳಿದರೆ ಟೇಬಲ್ಲಿಗೆ ಉತ್ತರ ಹೇಳೋಕೆ ಬರಲ್ಲ. ಉತ್ತರ ಸಿಗದ ದಾಖಲೆ ಇದ್ದರೇನು? ಅದಕ್ಕೆ ಋಣದ ಬಗೆಗಳ ಪಟ್ಟಿ ಮಾಡಿಟ್ಟಿದ್ದೀನಿ. ಬ್ಯಾಂಕ್ ಸಾಲ, ತಡೆಯಾಜ್ಞೆ, ಭೂಸ್ವಾಧೀನ. ಅದರಲ್ಲಿ ಒಂದನ್ನು ಆರಿಸಬೇಕು. ಕಾಲಂ 11 ಅದೇ ತಾನೆ?

ದೊಡ್ಡಪ್ಪ: ಕಾಲಂ 11 ಇತರ ಹಕ್ಕುಗಳು ಮತ್ತು ಋಣಗಳು. ಆ ‘ಇತರ’ದಲ್ಲೇ ಊರಿನ ಅರ್ಧ ಬಾಳು ಇರುತ್ತೆ ಕಣಮ್ಮ. ಬಾವಿಯ ನೀರಿನಲ್ಲಿ ಪಕ್ಕದವನಿಗೆ ಹಕ್ಕಿದೆ. ಬದುವಿನ ಮೇಲೆ ಗಾಡಿ ಹೋಗೋಕೆ ದಾರಿ ಬಿಡಬೇಕು. ವಿಧವೆಗೆ ಜೀವನಾಂಶ. ನಿನ್ನ ಪಟ್ಟಿಯಲ್ಲಿ ಇವುಗಳಿಗೆ ಜಾಗ ಎಲ್ಲಿ? ಪಟ್ಟಿಯಲ್ಲಿ ಇಲ್ಲ ಅಂತ ಬಿಟ್ಟರೆ ಆ ಹೆಂಗಸಿನ ಹಕ್ಕು ದಾಖಲೆಯಿಂದ ಹೋಯ್ತು. ಜಮೀನು ಕೊಳ್ಳೋಕೆ ಬಂದವನು ನೋಡ್ತಾನೆ, ಕಾಲಂ ಖಾಲಿ, ಯಾವ ತಕರಾರೂ ಇಲ್ಲ ಅಂತ ಕೊಂಡುಕೊಳ್ತಾನೆ.

ಮಗಳು: ಆ ಬಗೆಗಳನ್ನೂ ಪಟ್ಟಿಗೆ ಸೇರಿಸ್ತೀನಿ.

ದೊಡ್ಡಪ್ಪ: ನಾಳೆ ಇನ್ನೊಂದು ಬರುತ್ತೆ. ನೀನು ಕಾಣದ್ದು.

ಮಗಳು: ಆಗ ಅದನ್ನೂ ಸೇರಿಸ್ತೀನಿ.

ದೊಡ್ಡಪ್ಪ: ನೀನು ಸೇರಿಸುವವರೆಗೂ ಅದು ಎಲ್ಲಿರಬೇಕು?

ಈ ಪ್ರಶ್ನೆಗೆ ಅವಳ ಬಳಿ ಉತ್ತರವಿರಲಿಲ್ಲ. ಈ ನಗರದ ಮಟ್ಟಿಗೆ ಇದು ದೊಡ್ಡ ಪ್ರಶ್ನೆಯೇ. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಹಿಂತಿರುಗಿಸಿದಾಗಲೂ ದಂಡು ಪ್ರದೇಶವನ್ನು, ಅಂದರೆ ಕ್ಯಾಂಟೋನ್‌ಮೆಂಟನ್ನು, ಬ್ರಿಟಿಷರು ತಮ್ಮಲ್ಲೇ ಇಟ್ಟುಕೊಂಡರು. 1947ರಲ್ಲಿ ಅದು ಮೈಸೂರಿಗೆ ಮರಳಿತು. 1949ರಲ್ಲಿ ದಂಡು ಮತ್ತು ಪೇಟೆಯ ಎರಡು ಪುರಸಭೆಗಳು ಸೇರಿ ಒಂದು ಕಾರ್ಪೊರೇಷನ್ ಆಯಿತು. 2007ರಲ್ಲಿ ಕೆ.ಆರ್. ಪುರ, ಮಹದೇವಪುರ ಸೇರಿ ಏಳು ನಗರಸಭೆಗಳು, ಒಂದು ಪುರಸಭೆ, 110 ಹಳ್ಳಿಗಳು ಬಿಬಿಎಂಪಿಗೆ ಬಂದವು. 2025ರಲ್ಲಿ ಮತ್ತೆ ಒಡೆದು ಐದು ನಗರಪಾಲಿಕೆಗಳಾದವು. ಇಂಥ ಪ್ರತಿ ಬದಲಾವಣೆಯಲ್ಲೂ ಒಂದು ವ್ಯವಸ್ಥೆಯ ಸಾಲುಗಳನ್ನು ಇನ್ನೊಂದರ ಕಾಲಂಗಳಿಗೆ ಕೂರಿಸಬೇಕು. ಹಳೆಯ ಕಾಲಂನಲ್ಲಿ ಇದ್ದು ಹೊಸದರಲ್ಲಿ ಇಲ್ಲದ ವಿಷಯವನ್ನು ಯಾರಾದರೂ ಎತ್ತಿಡದಿದ್ದರೆ ಅದು ಅಲ್ಲೇ ಮುಗಿಯುತ್ತದೆ.

ಮಗಳು: ಒಂದು ದಾರಿ ಇದೆ ದೊಡ್ಡಪ್ಪ. ಎರಡು ಟೇಬಲ್ ಮಾಡೋದು. ಮೊದಲನೆಯದು ಕಚ್ಚಾ. ಕಾಗದದಲ್ಲಿ ಏನಿದೆಯೋ ಹಾಗೇ, 1.45 ಇದ್ದರೆ 1.45, ಷರಾ ಇದ್ದರೆ ಷರಾ, ಎಲ್ಲವೂ ಅಕ್ಷರವಾಗಿ. ಅದಕ್ಕೆ ಯಾವ ತಡೆಯೂ ಇಲ್ಲ. ಎರಡನೆಯದು ಬಿಗಿಯಾದದ್ದು. ಕಚ್ಚಾದಿಂದ ಪರೀಕ್ಷೆಯಲ್ಲಿ ಗೆದ್ದ ಸಾಲು ಮಾತ್ರ ಅದಕ್ಕೆ ಹೋಗುತ್ತೆ. ಸೋತದ್ದು ಯಾಕೆ ಸೋತಿತು ಅಂತ ಕಾರಣದ ಜೊತೆ ಕಚ್ಚಾದಲ್ಲೇ ಉಳಿಯುತ್ತೆ. ಗೆದ್ದ ಸಾಲುಗಳನ್ನು ಸಾಗಿಸೋದು, ಇನ್ಸರ್ಟ್ ಜೊತೆ ಸೆಲೆಕ್ಟ್ ಸೇರಿಸಿದರೆ, ಒಂದೇ ವಾಕ್ಯದಲ್ಲಿ ಆಗುವ ಕೆಲಸ.

ದೊಡ್ಡಪ್ಪ: ಚೆನ್ನಾಗಿದೆ. ಖಾತೆ ಬದಲಾದಾಗ?

ಮಗಳು: ಹಳೇ ಹಕ್ಕುದಾರನ ಸಾಲಿಗೆ ಇಂದಿನವರೆಗೆ ಅಂತ ತಾರೀಖು, ಹೊಸಬನದ್ದು ಹೊಸ ಇನ್ಸರ್ಟ್. ಎರಡೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ. ನಡುವೆ ಕರೆಂಟ್ ಹೋದರೆ ರೋಲ್‌ಬ್ಯಾಕ್, ಎರಡೂ ಆಗಿಲ್ಲ. ಕಮಿಟ್ ಆದರೆ ಎರಡೂ ಆಗಿವೆ. ಜಮೀನಿಗೆ ಇಬ್ಬರು ಒಡೆಯರೂ ಆಗಲ್ಲ, ಒಡೆಯನಿಲ್ಲದೆಯೂ ಇರಲ್ಲ.

ದೊಡ್ಡಪ್ಪ: ಹಳೇ ಹೆಸರು ಅಳಿಸಲ್ಲ ತಾನೆ? ನಾವು ಕೆಂಪು ಗೆರೆ ಎಳೆದು ಪಕ್ಕದಲ್ಲಿ ಮ್ಯುಟೇಶನ್ ನಂಬರ್ ಬರೀತಿದ್ವಿ. ಗೆರೆಯ ಕೆಳಗಿನ ಹೆಸರು ಓದೋ ಹಾಗೇ ಇರಬೇಕು.

ಮಗಳು: ಅಳಿಸಲ್ಲ. ಮ್ಯುಟೇಶನ್ ನಂಬರಿಗೂ ಕಾಲಂ ಇದೆ.

ದೊಡ್ಡಪ್ಪ: ಹಾಗಾದರೆ ನನಗೊಂದೇ ಅನುಮಾನ ಉಳಿಯಿತು. ನಿನ್ನ ಕಚ್ಚಾ ಟೇಬಲ್ಲಿನಲ್ಲಿ ಸೋತು ಬಿದ್ದಿರೋ ಸಾಲುಗಳನ್ನು ಯಾರು, ಯಾವಾಗ ನೋಡ್ತಾರೆ? ಬಾಕಿ ಕಡತದ ಕಪಾಟು ನನಗೆ ಗೊತ್ತು. ಸುಲಭದ್ದೆಲ್ಲ ಮೊದಲ ವಾರ ಮುಗಿಯುತ್ತೆ. ಕಷ್ಟದ್ದು ಅಲ್ಲೇ ಧೂಳು ತಿನ್ನುತ್ತೆ. ಕಷ್ಟದ್ದು ಅಂದರೆ ಬಹುತೇಕ ಬಡವರದ್ದು, ಕಾಗದ ಸರಿಯಿಲ್ಲದವರದ್ದು.

ಮಗಳು: ಅದಕ್ಕೆ ಎಸ್‌ಕ್ಯೂಎಲ್‌ನಲ್ಲಿ ಉತ್ತರ ಇಲ್ಲ. ಆದರೆ ಎಷ್ಟು ಸಾಲು ಬಾಕಿ ಇದೆ, ಎಷ್ಟು ದಿನದಿಂದ ಇದೆ ಅಂತ ದಿನಾ ಬೆಳಿಗ್ಗೆ ಎಣಿಸಿ ತೋರಿಸಬಹುದು. ನಿಮ್ಮ ಕಪಾಟಿಗೆ ಅದು ಆಗ್ತಿರಲಿಲ್ಲ.

ದೊಡ್ಡಪ್ಪ: ಎಣಿಸೋದು ಬೇರೆ, ಊರಿಗೆ ಹೋಗಿ ಸರಪಳಿ ಹಿಡಿದು ಅಳೆಯೋದು ಬೇರೆ.

ಮಗಳು: ಎಣಿಸದಿದ್ದರೆ ಅಳೆಯೋಕೆ ಯಾರೂ ಹೋಗಲ್ಲ.

ಅಷ್ಟು ಹೊತ್ತಿಗೆ ಕಾಫಿ ಬಂತು. ಅವಳು ತನ್ನ ಟೇಬಲ್ಲಿಗೆ ಷರಾ ಕಾಲಂ ಸೇರಿಸಿದಳು, ಆದರೆ ಕಚ್ಚಾದಲ್ಲಿ ಮಾತ್ರ. ಎರಡನೆಯದರಲ್ಲೂ ಬೇಕು ಎಂಬ ತಮ್ಮ ಪಟ್ಟನ್ನು ದೊಡ್ಡಪ್ಪ ಬಿಡಲಿಲ್ಲ. ಆ ವಾದ ಅಲ್ಲಿಗೇ ನಿಂತಿದೆ.

ಎಸ್‌ಕ್ಯೂಎಲ್ ಕಲಿಯುತ್ತಿರುವ ಹುಡುಗ ಹುಡುಗಿಯರಲ್ಲಿ ಒಂದು ಕೋರಿಕೆ. ಪುಸ್ತಕದ ನೌಕರರ ಪಟ್ಟಿಯಲ್ಲಿ ಎಲ್ಲರಿಗೂ ಸರ್‌ನೇಮ್ ಇರುತ್ತದೆ, ಎಲ್ಲರಿಗೂ ಹುಟ್ಟಿದ ದಿನ ಇರುತ್ತದೆ. ಅದನ್ನು ಬಿಟ್ಟು ನಿಮ್ಮ ಮನೆಯ ಪಹಣಿಯನ್ನೋ ಖಾತೆಯ ಪ್ರತಿಯನ್ನೋ ತೆಗೆದುಕೊಳ್ಳಿ. ಪಹಣಿಯ ವಿವರಗಳನ್ನು ‘ಭೂಮಿ’ಯ ಜಾಲತಾಣದಲ್ಲಿ ಯಾರು ಬೇಕಾದರೂ ಹಣ ಕೊಡದೆ ನೋಡಬಹುದು. ಕಾಲಂ 9 ಮತ್ತು ಕಾಲಂ 11ನ್ನು ಮನೆಯ ಹಿರಿಯರಿಗೆ ಓದಿ ಹೇಳಿ, ತಪ್ಪಿದ್ದರೆ ತಿದ್ದುಪಡಿಗೆ ಅರ್ಜಿ ಕೊಡಿಸಿ. ಆಮೇಲೆ ಟೇಬಲ್ ಕಟ್ಟಿ.